ಅಪ್ಪಯ್ಯನ ನೈಲ್ ಪಾಲಿಶ್ಶು

ಭಾನುವಾರ ಬೆಳಗ್ಗೆ ಎಂಟೂವರೆ ಅಂದ್ರೆ ನನ್ನ ಪಾಲಿಗೆ ನಡುರಾತ್ರಿ. ಆದರೂ ಒಂಬತ್ತು ತಿಂಗಳಿಂದ ಅಲಾರಂ ಇಟ್ಟುಕೊಂಡು ಏಳುತ್ತಿದ್ದೇನೆ. ಆ ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿ ಹತ್ತಿರದ ನಮ್ಮನೆಯಿಂದ ವಿಡಿಯೋ ಕಾಲ್ ಬರುತ್ತೆ. ಫೋನು ನೆಟ್ಟಗೆ ಹಿಡಿಯೋದು ನಮ್ಮಮ್ಮನಿಗೆ ಇನ್ನೂ ಬಂದಿಲ್ಲ. ಮೊದಲು ಮಾಡಿನ ಹಂಚು, ಆಮೇಲೆ ಜಗಲಿ ಕಂಬ, ಆಮೇಲೆ ಮೂಲೆಯಲ್ಲಿ ಮಲಗಿದ ನಾಯಿ... ಇಷ್ಟೆಲ್ಲ ದರ್ಶನ ಆದಮೇಲೆ ಫೋನು ಅಪ್ಪಯ್ಯನ ಕೈಗೆ ಹೋಗಿ, ಕ್ಯಾಮೆರಾ ಬಂದು ಅವರ ಬಲಗಾಲಿನ ಮೇಲೆ ನಿಲ್ಲುತ್ತೆ. ಅಮ್ಮ ಕೆಳಗೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅಪ್ಪಯ್ಯನ ಹೆಬ್ಬೆರಳಿಗೆ ನೈಲ್ ಪಾಲಿಶ್ ಹಚ್ಚುತ್ತಾಳೆ!

ನಗಬೇಡಿ ಮಾರಾಯ್ರೆ. ನಾನೂ ಮೊದಲ ಸಲ ನಕ್ಕಿದ್ದೆ. ಅದು ಬಣ್ಣ ಇಲ್ಲದ ಪಾಲಿಶ್ಶು. ಉಗುರಿನೊಳಗೆ ಸೇರಿಕೊಂಡ ಫಂಗಸ್ಸಿಗೆ ಹಚ್ಚುವ ಔಷಧಿ. ಆ ಪುಟ್ಟ ಬಾಟಲಿ ನಮ್ಮನೆಗೆ ಬಂದಿದ್ದು ಹೇಗೆ ಅನ್ನೋದನ್ನ ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಬರೆಯೋಕೆ ಕೂತರೆ ಕೈ ಹಿಂಜರಿಯುತ್ತಿತ್ತು. ಯಾಕೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತೆ.

ಕತೆ ಶುರುವಾಗಿದ್ದು ನನ್ನ ಕಾಲಿಂದ. 2024ರ ಮಾರ್ಚ್ ತಿಂಗಳು. ಬೆಳಗ್ಗೆ ಒಂಬತ್ತಕ್ಕೆ ಶೂ ಹಾಕಿದರೆ ರಾತ್ರಿ ಒಂಬತ್ತಕ್ಕೆ ಬಿಚ್ಚುವ ಬದುಕು. ಸಾಲದ್ದಕ್ಕೆ ಹೊಸದಾಗಿ ಜಿಮ್ ಸೇರಿಕೊಂಡಿದ್ದೆ. ಅಲ್ಲಿಯ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಟ. ಒಂದು ದಿನ ಮೀಟಿಂಗಿನ ನಡುವೆ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಎಂಥಾ ತುರಿಕೆ ಶುರುವಾಯಿತು ಅಂದ್ರೆ, ಮ್ಯಾನೇಜರು ಏನು ಕೇಳುತ್ತಿದ್ದಾರೆ ಅಂತಲೇ ತಲೆಗೆ ಹೋಗಲಿಲ್ಲ. ಮನೆಗೆ ಬಂದು ನೋಡಿದರೆ ಸಂದಿಯ ಚರ್ಮ ನೀರಲ್ಲಿ ನೆನೆದ ಅವಲಕ್ಕಿ ಹಾಗೆ ಬೆಳ್ಳಗಾಗಿ ಸುಲಿಯುತ್ತಿತ್ತು.

ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋದೆ. "ಕಾಲು ತುರಿಕೆ" ಅಂದೆ. ಅಂಗಡಿಯವನು ಕಾಲು ನೋಡಲಿಲ್ಲ, ಚೀಟಿ ಕೇಳಲಿಲ್ಲ. ಹಿಂದಿನಿಂದ ಒಂದು ಟ್ಯೂಬು ತೆಗೆದು ಕೊಟ್ಟ. "ಇದು ಎಲ್ಲಾದಕ್ಕೂ ಆಗುತ್ತೆ ಸಾರ್" ಅಂದ. ನಿಜವಾಗಿಯೂ ಮೂರೇ ದಿನಕ್ಕೆ ತುರಿಕೆ ಮಾಯ! ಇಪ್ಪತ್ತು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಹಚ್ಚಿದೆ, ಮತ್ತೆ ಮಾಯ. ಎಷ್ಟು ಒಳ್ಳೆ ಔಷಧಿ ಅಂತ ಖುಷಿಯಾಗಿ ಇನ್ನೆರಡು ಟ್ಯೂಬ್ ತಂದಿಟ್ಟುಕೊಂಡೆ. ಹೋದ ಬಗ್ ಪದೇ ಪದೇ ವಾಪಸ್ ಬರ್ತಾ ಇದೆ ಅಂದ್ರೆ ಅದು ಫಿಕ್ಸ್ ಆಗಿಲ್ಲ ಅಂತ ದಿನವೂ ಜೂನಿಯರ್‌ಗಳಿಗೆ ಪಾಠ ಹೇಳುವ ನನಗೆ, ಸ್ವಂತ ಕಾಲಿನ ವಿಷಯದಲ್ಲಿ ಅದು ಹೊಳೆಯಲಿಲ್ಲ ನೋಡಿ.

ಜೂನ್ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಮಳೆ ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ತೋಟ, ಗದ್ದೆ ಅಂತ ಓಡಾಡುವವರ ಬೆರಳ ಸಂದಿ ಕೊಳೆಯುವುದು ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ಅಜ್ಜಿ ಗೋರಂಟಿ ಸೊಪ್ಪು ಅರೆದು ಮನೆಮಂದಿಯ ಕಾಲಿಗೆಲ್ಲ ಮೆತ್ತುತ್ತಿದ್ದಳು. ಗೋರಂಟಿಗೆ ಕೆಂಪು ಬಣ್ಣ ಕೊಡುವ ವಸ್ತುವಿಗೆ ಫಂಗಸ್ ತಡೆಯುವ ಗುಣ ಇರುವುದು ಪ್ರಯೋಗಾಲಯದಲ್ಲಿ ಕಂಡಿದೆ ಅಂತ ಆಮೇಲೆ ಓದಿದೆ. ಅಜ್ಜಿಗೆ ಅದರ ಹೆಸರು ಬೇಕಾಗಿರಲಿಲ್ಲ. ಈಗ ಅಜ್ಜಿಯೂ ಇಲ್ಲ, ಹಿತ್ತಲಿನ ಗೋರಂಟಿ ಗಿಡವೂ ಇಲ್ಲ. ಬರಿಗಾಲಿನ ಬದಲು ಗಂಬೂಟು ಬಂದಿದೆ. ಒಳಗೆ ನೀರು ಹೋಗದಿದ್ದರೂ ಬೆವರು ಹೊರಗೆ ಬರಲ್ಲ. ಸಂಜೆ ಅಪ್ಪಯ್ಯ ಗಂಬೂಟು ಕಳಚಿದಾಗ ನೋಡಿದೆ, ನನ್ನ ಸಂದಿಯಲ್ಲಿದ್ದ ಅದೇ ಅವಲಕ್ಕಿ, ಅದರ ಮೂರು ಪಟ್ಟು. ಹೆಬ್ಬೆರಳಿನ ಉಗುರು ತುದಿಯಲ್ಲಿ ಹಳದಿಯಾಗಿ ದಪ್ಪಗಾಗಿತ್ತು.

"ಎಂತ ಅಪ್ಪಯ್ಯ ಇದು?" ಅಂದೆ.

"ಎಂಥದೂ ಇಲ್ಲ ಮಾರಾಯ, ಮಳೆಗಾಲಕ್ಕೆ ಇದು ಇದ್ದಿದ್ದೇ."

ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆ, ಒಂಬತ್ತು ವರ್ಷದಿಂದ. ನಾನು ಬ್ಯಾಗಿನಿಂದ ಆ ಟ್ಯೂಬು ತೆಗೆದು ಕೊಟ್ಟೆ. ಬೆಂಗಳೂರಿನ ಮಗ ತಂದ ಔಷಧಿ ಅಂತ ಅವರೂ ಶ್ರದ್ಧೆಯಿಂದ ಹಚ್ಚಿಕೊಂಡರು. ಜುಲೈಯಲ್ಲಿ ಫೋನು ಮಾಡಿ, "ಎಂತ ಮುಲಾಮು ಮಾರಾಯ ಅದು, ಬಂಗಾರ! ಇನ್ನೆರಡು ಕಳ್ಸು" ಅಂದರು. ಕೊರಿಯರ್ ಮಾಡಿದೆ. ಇದನ್ನ ಬರೆಯೋಕೇ ನನ್ನ ಕೈ ಹಿಂಜರಿಯುತ್ತಿದ್ದಿದ್ದು.

ಆಗಸ್ಟ್ ಎರಡನೇ ವಾರ, ರಾತ್ರಿ ಹನ್ನೊಂದಕ್ಕೆ ಅಮ್ಮನ ಫೋನು. ಅಪ್ಪಯ್ಯನಿಗೆ ಚಳಿಜ್ವರ, ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲುತ್ತಿಲ್ಲ, ಬಲಗಾಲು ಪಾದದಿಂದ ಮೊಣಕಾಲಿನ ಹತ್ತಿರದವರೆಗೂ ಕೆಂಪಗೆ ಊದಿದೆ, ಮುಟ್ಟಿದರೆ ಬೆಂಕಿ. ಪಕ್ಕದ ಮನೆಯವರ ಜೀಪಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ನಾನು ಬೆಳಗಿನ ಜಾವದ ಬಸ್ಸು ಹಿಡಿದು ತಲುಪುವ ಹೊತ್ತಿಗೆ ಡ್ರಿಪ್ ಹಾಕಿ ಮಲಗಿಸಿದ್ದರು. ಸೆಲ್ಯುಲೈಟಿಸ್ ಅಂದರು. ಅಂದರೆ ಚರ್ಮದ ಕೆಳಗಿನ ಪದರಕ್ಕೆ ಬ್ಯಾಕ್ಟೀರಿಯಾ ಸೋಂಕು. ಅದು ಒಳಗೆ ನುಗ್ಗಿದ ಬಾಗಿಲು ಯಾವುದು ಗೊತ್ತಾ? ಕಿರುಬೆರಳ ಸಂದಿಯ ಒಂದು ಸಣ್ಣ ಬಿರುಕು. ಕಾಲಿನ ಸೆಲ್ಯುಲೈಟಿಸ್‌ಗೆ ಬೆರಳ ಸಂದಿಯ ಒಡಕು ಒಂದು ದೊಡ್ಡ ಕಾರಣವಂತೆ. ಫಂಗಸ್ಸು ತಾನು ಜೀವ ತೆಗೆಯೋದಿಲ್ಲ, ಬಾಗಿಲು ತೆರೆದು ಕೊಡುತ್ತೆ ಅಷ್ಟೇ.

ಎಂಟು ದಿನ ಆಸ್ಪತ್ರೆ. ಮೂರನೇ ದಿನದವರೆಗೂ ಕೆಂಪು ಇಳಿಯಲಿಲ್ಲ. ನರ್ಸು ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು, ಗೆರೆ ದಾಟಿತಾ ಇಲ್ಲವಾ ಅಂತ ನೋಡುವುದಕ್ಕೆ. ನಾನು ಪ್ರತಿ ಅರ್ಧ ಗಂಟೆಗೆ ಎದ್ದು ಆ ಗೆರೆ ನೋಡುತ್ತಿದ್ದೆ. ಪಕ್ಕದ ವಾರ್ಡಿನಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದಲೇ ಮೊಣಕಾಲಿನ ಕೆಳಗೆ ತೆಗೆದಿದ್ದರು. ಅಮ್ಮ ಆ ಕಡೆಯ ಕಾರಿಡಾರಿನಲ್ಲಿ ಓಡಾಡುವುದನ್ನೇ ಬಿಟ್ಟಳು.

ನಾಲ್ಕನೇ ದಿನ ಗೆರೆಯಿಂದ ಕೆಂಪು ಒಳಗೆ ಸರಿಯಿತು.

ಆಮೇಲೆ ಚರ್ಮದ ಡಾಕ್ಟರು ಬಂದರು. "ಏನು ಹಚ್ಚುತ್ತಿದ್ರಿ?" ಅಂತ ಕೇಳಿದಾಗ ಅಮ್ಮ ಚೀಲದಿಂದ ಟ್ಯೂಬು ತೆಗೆದು ಕೊಟ್ಟಳು. ಡಾಕ್ಟರು ಅದರ ಸಣ್ಣಕ್ಷರ ಓದಿ, "ಇದನ್ನ ಯಾರು ಕೊಟ್ಟಿದ್ದು?" ಅಂದರು.

ಅಪ್ಪಯ್ಯ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ನಾನೇ ಪ್ಯಾಟೆ ಅಂಗಡೀಲಿ ತಗಂಡಿದ್ದು" ಅಂದರು.

ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮನುಷ್ಯ. ನಾನು ಆವತ್ತು ಬಾಯಿ ಬಿಡಲಿಲ್ಲ.

ಆ ಟ್ಯೂಬಿನಲ್ಲಿ ಇದ್ದದ್ದು ಮೂರು ಔಷಧಿ. ಒಂದು ಫಂಗಸ್ಸಿಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಮೂರನೆಯದು ಕ್ಲೊಬೆಟಸಾಲ್ ಎಂಬ ಬಲವಾದ ಸ್ಟಿರಾಯ್ಡು. ಮೂರೇ ದಿನದಲ್ಲಿ ತುರಿಕೆ ನಿಲ್ಲಿಸಿದ ಪವಾಡ ಆ ಮೂರನೆಯದರದ್ದು. ಸೋಂಕಿನ ವಿರುದ್ಧ ಚರ್ಮ ನಡೆಸುವ ಜಗಳವೇ ತುರಿಕೆ, ಕೆಂಪು. ಸ್ಟಿರಾಯ್ಡು ಆ ಜಗಳವನ್ನು ನಿಲ್ಲಿಸುತ್ತೆ, ಕಳ್ಳನನ್ನು ಹಿಡಿಯಲ್ಲ. ಫಂಗಸ್ಸು ಸದ್ದಿಲ್ಲದೆ ಹರಡುತ್ತೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಖಾಲಿ ಕ್ಯಾಚ್ ಬ್ಲಾಕ್ ಬರೆದ ಹಾಗೆ! ಎರರ್ ಕಾಣಿಸಲ್ಲ, ಪ್ರೋಗ್ರಾಂ ಒಳಗೊಳಗೇ ಕೊಳೀತಾ ಇರುತ್ತೆ. 2018ರಲ್ಲೇ ಸರ್ಕಾರ 14 ಸ್ಟಿರಾಯ್ಡುಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂಗಡಿಯವನೂ ಕೇಳಲಿಲ್ಲ, ನಾನೂ ಓದಲಿಲ್ಲ. "ಮುಲಾಮು ಒಂದರಿಂದಲೇ ಹೀಗಾಯ್ತು ಅನ್ನೋಕಾಗಲ್ಲ. ಸಕ್ಕರೆ, ಮಳೆ, ಬೂಟು ಎಲ್ಲ ಸೇರಿದೆ" ಅಂತ ಡಾಕ್ಟರು ಹೇಳಿದರು. ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು.

ಹೊರಡುವ ಹಿಂದಿನ ದಿನ ಇನ್ನೊಂದು ಪರೀಕ್ಷೆ ಮಾಡಿದರು. ಅಪ್ಪಯ್ಯನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಗಟ್ಟಿ ನೈಲಾನ್ ಎಳೆಯ ತುದಿಯನ್ನು ಪಾದದ ಒಂದೊಂದು ಕಡೆ ಒತ್ತುವುದು. ತಾಗಿದರೆ ಹೇಳಬೇಕು. "ಹ್ಞಾಂ." "ಹ್ಞಾಂ." ಹೆಬ್ಬೆರಳಿನ ಕೆಳಗೆ ಒತ್ತಿದರು. ಎಳೆ ಬಾಗಿತು. ಅಪ್ಪಯ್ಯ ಸುಮ್ಮನೆ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು. ಕಿರುಬೆರಳಿನ ಕೆಳಗೆ ಒತ್ತಿದರು. ಅಲ್ಲೂ ಇಲ್ಲ. "ಶುರು ಮಾಡಿ ಡಾಕ್ಟ್ರೇ" ಅಂದರು ಅಪ್ಪಯ್ಯ. ಪರೀಕ್ಷೆ ಅರ್ಧ ಮುಗಿದಿತ್ತು. ಬಿರುಕು ಬಿಟ್ಟಿದ್ದು ಅವರಿಗೆ ಯಾಕೆ ನೋಯಲಿಲ್ಲ ಅಂತ ಆಗ ಗೊತ್ತಾಯಿತು.

ಈಗ ಔಷಧಿಯ ವಿಷಯ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಸ್ವಲ್ಪ ವಿವರವಾಗಿ ಬರೀತೀನಿ. ಆದರೆ ನಾನು ಡಾಕ್ಟರಲ್ಲ, ಚೀಟಿ ಅವರ ಹತ್ತಿರವೇ ಬರೆಸಿಕೊಳ್ಳಿ.

ಬೆರಳ ಸಂದಿಗೆ ಕೊಟ್ಟಿದ್ದು ಟರ್ಬಿನಫಿನ್ ಒಂದೇ ಇರುವ ಶೇಕಡಾ 1ರ ಮುಲಾಮು. ಈ ಫಂಗಸ್ಸು ತಿನ್ನುವುದು ಕೆರಾಟಿನ್ ಅನ್ನುವ ಪ್ರೋಟೀನನ್ನು, ಅಂದರೆ ನಮ್ಮ ಸತ್ತ ಚರ್ಮ, ಉಗುರು, ಕೂದಲು. ಟರ್ಬಿನಫಿನ್ನು ಅದರ ಜೀವಕೋಶದ ಗೋಡೆಯ ಒಳಗಿನ ಪೊರೆ ಕಟ್ಟುವ ಕೆಲಸವನ್ನೇ ನಿಲ್ಲಿಸಿ ಕೊಲ್ಲುತ್ತೆ. ಕ್ಲೋಟ್ರಿಮಝೋಲ್ ತರದವು ಹೆಚ್ಚಾಗಿ ಬೆಳವಣಿಗೆ ತಡೆಯುತ್ತವೆ, ಹಾಗಾಗಿ ಸುಮಾರು ನಾಲ್ಕು ವಾರ ಹಚ್ಚಬೇಕು. ಯಾವುದೇ ಆಗಲಿ, ತುರಿಕೆ ನಿಂತ ದಿನ ನಿಲ್ಲಿಸುವ ಹಾಗಿಲ್ಲ. ಡಾಕ್ಟರು ಹೇಳಿದಷ್ಟು ದಿನ, ಕಾಣುವ ಗಾಯದ ಅಂಚಿಗಿಂತ ಆಚೆಗೂ ತೆಳ್ಳಗೆ ಹಚ್ಚಬೇಕು. ಹಚ್ಚುವುದಕ್ಕೆ ಮುಂಚೆ ಸಂದಿ ಪೂರ್ತಿ ಒಣಗಿರಬೇಕು. ಒದ್ದೆ ಸಂದಿಗೆ ಮುಲಾಮು ಬಳಿದರೆ ಇನ್ನಷ್ಟು ಒದ್ದೆ, ಅಷ್ಟೇ. ನನಗೂ ಅದೇ ಮುಲಾಮು ಬರೆದುಕೊಟ್ಟರು. ಜೊತೆಗೊಂದು ಸಲಹೆ: ಬೆಳಗ್ಗೆ ಮೊದಲು ಸಾಕ್ಸ್ ಹಾಕು, ಆಮೇಲೆ ಚಡ್ಡಿ. ಚಡ್ಡಿ ಏರಿಸುವಾಗ ಅದು ಪಾದಕ್ಕೆ ಸವರಿ ಫಂಗಸ್ಸನ್ನು ತೊಡೆಸಂದಿಗೆ ಒಯ್ಯುತ್ತದಂತೆ! ಒಂದು ತಿಂಗಳು ಸಾಕ್ಸ್ ಮಾತ್ರ ಹಾಕಿಕೊಂಡು ರೂಮಿನಲ್ಲಿ ಓಡಾಡಿದ ನನ್ನ ಅವತಾರ ನೆನೆಸಿಕೊಂಡು ಬೇಕಾದರೆ ನಗಿ.

ಉಗುರಿನದು ಬೇರೆಯೇ ಕತೆ. ಮೊದಲು ಉಗುರನ್ನು ಹೆರೆದು, ಪೊಟಾಶಿಯಂ ಹೈಡ್ರಾಕ್ಸೈಡಿನಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆರಾಟಿನ್ ಕರಗಿ ಫಂಗಸ್ಸಿನ ಎಳೆ ಕಾಣುತ್ತೆ. ಕೆಟ್ಟ ಉಗುರುಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಮಾತ್ರ ಫಂಗಸ್ಸು ಕಾರಣ, ಉಳಿದದ್ದು ಸೋರಿಯಾಸಿಸ್, ಬೂಟಿನ ಪೆಟ್ಟು ಹೀಗೆ ಏನೇನೋ. ನೋಡದೆ ವರ್ಷಗಟ್ಟಲೆ ಹಚ್ಚಿದರೆ ದುಡ್ಡು ದಂಡ. ಅಪ್ಪಯ್ಯನದು ಫಂಗಸ್ಸೇ. ಸಾಮಾನ್ಯವಾಗಿ ಇದಕ್ಕೆ ಹೆಚ್ಚು ಗುಣ ಕೊಡುವುದು ಟರ್ಬಿನಫಿನ್ ಮಾತ್ರೆ, ಹನ್ನೆರಡು ವಾರ. ಆದರೆ ಅಪ್ಪಯ್ಯನ ಲಿವರ್ ಟೆಸ್ಟು ಸ್ವಲ್ಪ ಏರುಪೇರಿತ್ತು. ಎರಡೇ ಉಗುರು, ಅದೂ ತುದಿಯ ಅರ್ಧ ಮಾತ್ರ, ಬುಡಕ್ಕೆ ಇನ್ನೂ ಇಳಿದಿರಲಿಲ್ಲ. ಹಾಗಾಗಿ ಹಚ್ಚುವ ಔಷಧಿಯೇ ಸಾಕು ನೋಡೋಣ ಅಂದರು. ಅಮೊರಾಲ್ಫಿನ್, ಶೇಕಡಾ 5, ವಾರಕ್ಕೊಮ್ಮೆ. ಅದೇ ನಮ್ಮ ನೈಲ್ ಪಾಲಿಶ್ಶು.

ಕ್ರಮ ಹೀಗೆ. ಕೆಟ್ಟ ಉಗುರನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಬೇಕು. ಆ ಅರ ಒಳ್ಳೆ ಉಗುರಿಗೆ ತಾಗಬಾರದು. ಸ್ಪಿರಿಟ್ ಹತ್ತಿಯಿಂದ ಹಳೆಯ ಪದರ ಒರೆಸಬೇಕು. ಆಮೇಲೆ ಹಚ್ಚಿ ಐದು ನಿಮಿಷ ಒಣಗಲು ಬಿಡಬೇಕು. ಅಪ್ಪಯ್ಯನ ಕಾಲಿಗೆ ಸ್ಪರ್ಶ ಕಮ್ಮಿ ಇರುವುದರಿಂದ ಉಜ್ಜುವ ಕೆಲಸ ಅವರು ಮಾಡುವ ಹಾಗಿಲ್ಲ. ಅಮ್ಮನದೇ ಆ ಕೆಲಸ, ಅದೂ ಡಾಕ್ಟರು ತೋರಿಸಿಕೊಟ್ಟಷ್ಟೇ, ಹಗುರವಾಗಿ.

"ಎಷ್ಟು ದಿನ ಹಚ್ಬೇಕು?" ಅಂತ ಅಪ್ಪಯ್ಯ ಕೇಳಿದರು. "ಒಂದು ವರ್ಷ" ಅಂದರು ಡಾಕ್ಟರು. ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್. ಪೂರ್ತಿ ಹೊಸ ಉಗುರು ಬರಲು ವರ್ಷದಿಂದ ಒಂದೂವರೆ ವರ್ಷ. ಹಚ್ಚಿದ ಔಷಧಿ ಆ ದಪ್ಪ ಉಗುರಿನೊಳಗೆ ಇಳಿಯುವುದೇ ಕಷ್ಟ. ಅಷ್ಟು ಮಾಡಿಯೂ ಗ್ಯಾರಂಟಿ ಇಲ್ಲ. ಇದೇ ತರ ಉಗುರಿಗೆ ಹಚ್ಚುವ ಸೈಕ್ಲೊಪಿರಾಕ್ಸ್ ಅನ್ನುವ ಔಷಧಿಯನ್ನು ಅಮೆರಿಕದಲ್ಲಿ 48 ವಾರ ದಿನಾ ಹಚ್ಚಿ ನೋಡಿದಾಗ, ಉಗುರು ಪೂರ್ತಿ ಸರಿಯಾಗಿದ್ದು ನೂರಕ್ಕೆ ಹತ್ತು ಜನಕ್ಕೂ ಕಮ್ಮಿ. 2014ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಎಫಿನಕೊನಝೋಲ್‌ನಲ್ಲಿ ನೂರಕ್ಕೆ ಹದಿನೈದರಿಂದ ಹದಿನೆಂಟು.

ಇದನ್ನೆಲ್ಲ ನಾನು ಓದಿ ಹೇಳಿದಾಗ ಅಪ್ಪಯ್ಯ, "ಹಂಗಾರೆ ಯಾಕೆ ಹಚ್ಚೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಉಗುರೂ ನೋಡೋಕೆ ಪರವಾಗಿರಲಿಲ್ಲ. ಹಚ್ಚುವುದನ್ನು ಬಿಟ್ಟುಬಿಟ್ಟರು. 2025ರ ಫೆಬ್ರವರಿಯಲ್ಲಿ ನಾನು ಹೋದಾಗ ಬಾಟಲಿಯ ಮುಚ್ಚಳ ಸರಿ ಹಾಕದೆ ಔಷಧಿ ಒಣಗಿ ಅಂಟಾಗಿತ್ತು. ಹಳದಿ ಗೆರೆ ಮತ್ತೆ ಹಿಂದಕ್ಕೆ ನುಗ್ಗಿತ್ತು.

ನಾನು ಜೋರು ಮಾಡಿದೆ. ಆಸ್ಪತ್ರೆ ನೆನಪಿಲ್ವಾ, ಕಾಲು ಹೋಗಿದ್ರೆ ಏನು ಮಾಡ್ತಿದ್ರಿ ಅಂತ ಏನೇನೋ ಕೂಗಾಡಿದೆ. ಅಪ್ಪಯ್ಯ ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದಷ್ಟೂ ನನಗೆ ಆ ಟ್ಯೂಬು, ಆ ಕೊರಿಯರ್ರು ನೆನಪಾಗಿ ಇನ್ನೂ ಸಿಟ್ಟು ಬಂತು. ಕಡೆಗೆ ಹೇಳಿಯೇಬಿಟ್ಟೆ. "ಆ ಟ್ಯೂಬು ನಾನು ಕೊಟ್ಟಿದ್ದು ಅಂತ ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿ ಎಂತ ಆಗದಿತ್ತು? ನೀನೇನು ಬೇಕಂತ ಕೊಟ್ಟಿದ್ದಾ?" ಅಂದರು. ಅಷ್ಟೇ. ಎದ್ದು ತೋಟಕ್ಕೆ ಹೋದರು.

ಸಂಜೆ ನಾನೂ ತೋಟಕ್ಕೆ ಇಳಿದೆ. ಅಪ್ಪಯ್ಯ ಮೇಲೆ ನೋಡುತ್ತಾ, "ಕೊಳೆಗೆ ಔಷಧಿ ಯಾವಾಗ ಹೊಡೀತೀವಿ?" ಅಂತ ಕೇಳಿದರು, ನಾನೇನೋ ಶಾಲೆ ಹುಡುಗ ಅನ್ನೋ ಹಾಗೆ. ಅಡಿಕೆ ತೋಟದವರಿಗೆ ಇದು ಗೊತ್ತಿರುತ್ತೆ. ಮಳೆ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ, ಆಮೇಲೆ ಒಂದೂವರೆ ತಿಂಗಳಿಗೆ ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ.

"ಕೊಳೆ ಬಂದ ಕಾಯಿಗೆ ಹೊಡೆದ್ರೆ ಅದು ಸರಿ ಆಗ್ತದಾ?"

"ಇಲ್ಲ."

"ಮತ್ತೆ ಯಾಕೆ ಹೊಡೆಯದು?"

"ಒಳ್ಳೆ ಕಾಯಿ ಉಳೀಲಿ ಅಂತ."

"ಹ್ಞಾಂ. ಉಗುರೂ ಅಷ್ಟೇ ಅಲ್ಲನ? ಕೆಟ್ಟಿದ್ದು ಕೆಟ್ಟೇ ಹೋತು. ಹಿಂದಿಂದ ಬರೋದಕ್ಕೆ ಹತ್ತದಂಗೆ ನೋಡ್ಕಂಡ್ರೆ ಆತು. ನಿನ್ನ ಡಾಕ್ಟ್ರು ಹಿಂಗೆ ಹೇಳಿದ್ರೆ ನಾನು ಬಿಡ್ತಾ ಇರ್ಲಿಲ್ಲ."

ಕೊಳೆರೋಗ ತರುವ ಫೈಟಾಫ್ಥೊರಾ ನಿಜವಾದ ಫಂಗಸ್ ಅಲ್ಲ, ಈಗಿನ ವರ್ಗೀಕರಣದಲ್ಲಿ ಅದು ಪಾಚಿಗಳ ಕಡೆಯ ನೆಂಟ ಅಂತ ಹೇಳಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡೆ. ನನಗೆ ಅಂಕಿಅಂಶದಲ್ಲಿ ಸಿಗದ ಉತ್ತರ ಅವರಿಗೆ ಕೊನೆಯ ತುದಿಯಲ್ಲಿ ಸಿಕ್ಕಿತ್ತು. ಅವರ ಮಾತು ಸರಿಯಾಗಿಯೂ ಇತ್ತು. ಹಚ್ಚಿದ ಔಷಧಿ ಹಳೆಯ ಉಗುರನ್ನು ರಿಪೇರಿ ಮಾಡಲ್ಲ. ಬುಡದಿಂದ ಬರುವ ಹೊಸದನ್ನು ಕಾಯುತ್ತೆ. ಕೆಟ್ಟದ್ದು ತಾನಾಗಿ ಮುಂದೆ ಸರಿದು, ಕತ್ತರಿಸಿ ಹೋಗುತ್ತೆ.

ಅವತ್ತಿನಿಂದ ಭಾನುವಾರದ ವಿಡಿಯೋ ಕಾಲ್. ಅಮ್ಮ ಸ್ಕೂಲ್ ಸ್ಕೇಲ್ ಹಿಡಿದು ಅಳತೆ ಹೇಳುತ್ತಾಳೆ, ನಾನು ಎಕ್ಸೆಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಚಿಕ್ಕ ಬೆರಳಿನ ಉಗುರು ಪೂರ್ತಿ ಸರಿಯಾಗಿದೆ. ಹೆಬ್ಬೆರಳಿನಲ್ಲಿ ತುದಿಯ ಎರಡು ಮಿಲಿಮೀಟರ್ ಇನ್ನೂ ಹಳದಿ. ಈ ವರ್ಷದ ಮಳೆಗಾಲದಲ್ಲಿ ಎರಡು ಜೊತೆ ಗಂಬೂಟು ತಂದುಕೊಟ್ಟಿದ್ದೆ, ಒಂದು ದಿನ ಬಿಟ್ಟು ಒಂದು ದಿನ ಒಲೆಮನೆಯಲ್ಲಿ ಒಣಗಲಿ ಅಂತ. ಸಕ್ಕರೆ ಹಿಡಿತದಲ್ಲಿದೆ. ಸಂದಿ ಒಣಗಿದೆ. ಪಾದದ ಕೆಳಗೆ ಹೋದ ಸ್ಪರ್ಶ ಮಾತ್ರ ವಾಪಸ್ ಬಂದಿಲ್ಲ, ಬರೋದೂ ಅನುಮಾನ ಅಂದಿದ್ದಾರೆ. ಅದಕ್ಕೇ ದಿನಾ ರಾತ್ರಿ ಅಮ್ಮ ಬ್ಯಾಟರಿ ಬಿಟ್ಟು ಪಾದ ನೋಡುತ್ತಾಳೆ.

ನೀವೂ ಒಂದು ಕೆಲಸ ಮಾಡಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡ್ತೀರಲ್ಲ, ಹಾಗೇ ಒಂದು ನಿಮಿಷ ಬೆರಳ ಸಂದಿಯನ್ನೂ ನೋಡಿ. ಮನೆಯಲ್ಲಿರುವ ಟ್ಯೂಬಿನ ಸಣ್ಣಕ್ಷರವನ್ನೂ ಓದಿ. ನಾನು ಓದಿರಲಿಲ್ಲ.

ನಾಳೆ ಭಾನುವಾರ. ಅಲಾರಂ ಇಟ್ಟು ಮಲಗಬೇಕು.